ಬೀದಿ ಫೋಟೊಗೆ ಯಾವ ಕ್ಯಾಮೆರಾ: ರಿಕೋ, ಫ್ಯೂಜಿ, ಇಲ್ಲಾ ಹಳೆಯ ಕ್ಯಾನನ್?

ಹಾಸನದ ಬೀದಿಗಳಲ್ಲಿ ಫೋಟೊ ತೆಗೆಯೋಕೆ ರಿಕೋ ಜಿಆರ್ 3, ಫ್ಯೂಜಿಫಿಲ್ಮ್ ಎಕ್ಸ್100 ವಿಐ, ಸೆಕೆಂಡ್ ಹ್ಯಾಂಡ್ ಕ್ಯಾನನ್ ಡಿಎಸ್‌ಎಲ್‌ಆರ್ (ಒಳಗೆ ಕನ್ನಡಿ ಇರುವ ದೊಡ್ಡ ಕ್ಯಾಮೆರಾ), ಈ ಮೂರರಲ್ಲಿ ಯಾವುದು ಅಂತ ಕೇಳಿದ್ದೀರಿ.

ನನಗೆ ಮುಖ್ಯ ಅನ್ನಿಸುವುದು ಗಾತ್ರ. ಕಟ್ಟಿನಕೆರೆ ಮಾರುಕಟ್ಟೆಯಲ್ಲಿ ಹೂ ಕಟ್ಟುವವರ ಬೆರಳು ನೋಡಿ, ದಾರದ ಜೊತೆ ಸರಸರ ಓಡುತ್ತಿರುತ್ತದೆ. ದೊಡ್ಡ ಕ್ಯಾಮೆರಾ ಎತ್ತಿದರೆ ಸಾಕು, ಬೆರಳು ನಿಲ್ಲುತ್ತದೆ. "ಯಾವ ಪೇಪರ್‌ನವರು?" ಅಂತ ಕೇಳುತ್ತಾರೆ. ರಿಕೋ ಬ್ಯಾಟರಿ ಸೇರಿ 257 ಗ್ರಾಂ, ಜೇಬಲ್ಲೇ ಕೂರುತ್ತದೆ. ಅದರ ಸ್ನ್ಯಾಪ್ ಫೋಕಸ್ ಅಂತೂ ಇಂಥ ಜಾಗಕ್ಕೇ ಮಾಡಿದಂತಿದೆ. ಮೊದಲೇ 1.5 ಮೀಟರ್‌ಗೆ ಹೊಂದಿಸಿಟ್ಟು ಬಟನ್ ಒಂದೇ ಸಲ ಪೂರ್ತಿ ಒತ್ತಿ. ಫೋಕಸ್ ಹುಡುಕುತ್ತಾ ಕೂರದೆ ಚಿತ್ರ ಬರುತ್ತದೆ. ಆದರೆ 28 ಎಂಎಂ ನೋಟ, ಅಂದರೆ ಅಗಲ ಜಾಸ್ತಿ, ಹತ್ತಿರ ಹೋಗಲೇಬೇಕು. ಸಂಕೋಚದವರಿಗೆ ಇದು ಕಷ್ಟ.

ಫ್ಯೂಜಿ 521 ಗ್ರಾಂ, 35 ಎಂಎಂ ನೋಟ, ರಿಕೋಗಿಂತ ಸ್ವಲ್ಪ ಕಿರಿದು. ಕಣ್ಣಿಟ್ಟು ನೋಡುವ ಕಿಂಡಿ, ಅಂದರೆ ವ್ಯೂಫೈಂಡರ್ ಇದೆ, ರಿಕೋಗಿಲ್ಲ. ಮಧ್ಯಾಹ್ನದ ಬಿಸಿಲಲ್ಲಿ ಸ್ಕ್ರೀನ್ ಕಾಣದಾಗ ಇದರ ಬೆಲೆ ಗೊತ್ತಾಗುತ್ತದೆ. ಹೆಚ್ಚು ಬೆಳಕು ಒಳಗೆ ಬಿಡುವ ಎಫ್2 ಲೆನ್ಸ್ ಆದ್ದರಿಂದ ಸಂಜೆ ಬೆಳಕಿಗೂ ಒಳ್ಳೆಯದು.

ಹಾಸನಾಂಬೆ ದರ್ಶನದ ದಿನಗಳಲ್ಲಿ ಇಡೀ ದಿನ ಸುತ್ತುವವರು ರಿಕೋಗೆ ಎರಡು ಬ್ಯಾಟರಿ ಜಾಸ್ತಿ ಇಟ್ಟುಕೊಳ್ಳಿ. ಒಂದು ಚಾರ್ಜ್‌ಗೆ ಸುಮಾರು 200 ಚಿತ್ರ ಅಷ್ಟೆ. ಡಿಎಸ್‌ಎಲ್‌ಆರ್‌ಗೆ ಈ ತಲೆನೋವು ಕಡಿಮೆ.

ಮಳೆಗೆ ರಿಕೋ ಆಗದು. ಫ್ಯೂಜಿಗೂ ಲೆನ್ಸ್ ಕಡೆಯಿಂದ ನೀರು ಒಳಹೋಗದಂತೆ ಅಡಾಪ್ಟರ್ ರಿಂಗ್, ಫಿಲ್ಟರ್ ಬೇರೆ ಹಾಕಬೇಕು.

ದುಡ್ಡಿನ ಮಾತು ಬಂದರೆ ಫ್ಯೂಜಿ ಒಂದೂವರೆ ಲಕ್ಷ ದಾಟುತ್ತದೆ. ಈಗಷ್ಟೇ ಕಲಿಯುತ್ತಿದ್ದರೆ, ಮದುವೆ ಫೋಟೊನೂ ತೆಗೆಯುವುದಿದ್ದರೆ ಹಳೆಯ ಕ್ಯಾನನ್ ಜೊತೆ 24 ಎಂಎಂ ಪುಟ್ಟ ಲೆನ್ಸ್ ತಗೊಳ್ಳಿ. ಲೆನ್ಸ್ ಬದಲಿಸಬಹುದು ಅಲ್ವಾ. ಶಟರ್ ಸದ್ದು ಮಾತ್ರ ಜೋರು.