ಬೆಂಗಳೂರಿನ ಡೇಟಾ ಅನಲಿಸ್ಟ್ ಸಂದರ್ಶನ: ಯಾವ ಸುತ್ತಿಗೆ ಎಷ್ಟು ಅಂಕ?

ಬೆಂಗಳೂರಿನ ಕಂಪನಿಗಳು ಡೇಟಾ ಅನಲಿಸ್ಟ್ ಕೆಲಸಕ್ಕೆ ಸಾಮಾನ್ಯವಾಗಿ ನಾಲ್ಕೈದು ಸುತ್ತು ನಡೆಸುತ್ತವೆ: ಎಚ್‌ಆರ್ ಫೋನು, ಆನ್‌ಲೈನ್ ಟೆಸ್ಟ್ ಅಥವಾ ಮನೆಗೆ ಕೊಡುವ ಅಸೈನ್‌ಮೆಂಟ್, ಎಸ್‌ಕ್ಯೂಎಲ್ (ಟೇಬಲ್‌ಗಳಿಂದ ಮಾಹಿತಿ ತೆಗೆಯುವ ಭಾಷೆ), ಕೇಸ್ (ವ್ಯವಹಾರದ ಒಂದು ಸಮಸ್ಯೆ ಕೊಟ್ಟು ಬಿಡಿಸಲು ಹೇಳುವುದು), ಕೊನೆಗೆ ಸಂಬಳದ ಮಾತು. ಮುಂದೆ ಮಾಡುವ ಕೆಲಸಕ್ಕೆ ನಂಟಿರುವುದು ಎಸ್‌ಕ್ಯೂಎಲ್ ಮತ್ತು ಕೇಸ್ ಸುತ್ತುಗಳಿಗೆ ಮಾತ್ರ.

ಎಸ್‌ಕ್ಯೂಎಲ್ ಸುತ್ತಿಗೆ ನಾನು ಕೊಡುವ ಅಂಕ 5ಕ್ಕೆ 4. ಪ್ರಶ್ನೆಗಳು ಹಳೆಯವೇ, ಆದರೆ ಒಳಗೆ ಮುಳ್ಳಿರುತ್ತದೆ. ‘ಪ್ರತಿ ವಿಭಾಗದಲ್ಲಿ ಎರಡನೇ ಅತಿ ಹೆಚ್ಚು ಸಂಬಳ ಯಾರದು?’ ಎಂಬುದನ್ನೇ ತೆಗೆದುಕೊಳ್ಳಿ. ಇಬ್ಬರಿಗೆ 90,000, ಒಬ್ಬರಿಗೆ 80,000 ಇದ್ದರೆ ಸಾಲುಗಳಿಗೆ ಸುಮ್ಮನೆ 1, 2, 3 ಎಂದು ಸಂಖ್ಯೆ ಕೊಡುವ ರೋ ನಂಬರ್ ಫಂಕ್ಷನ್ ಎರಡನೆಯದಾಗಿ ಮತ್ತೆ 90,000ವನ್ನೇ ಕೊಡುತ್ತದೆ. ರ‍್ಯಾಂಕ್ 1, 1, 3 ಎಂದು ಎಣಿಸುವುದರಿಂದ ಎರಡನೆಯವರೇ ಸಿಗುವುದಿಲ್ಲ. 80,000 ಬರಬೇಕಾದರೆ 1, 1, 2 ಎಂದು ಎಣಿಸುವ ಡೆನ್ಸ್ ರ‍್ಯಾಂಕ್ ಬೇಕು. ಬರೆಯಲು ಶುರು ಮಾಡುವ ಮೊದಲೇ ‘ಸಮಾನ ಸಂಬಳ ಇದ್ದರೆ ಏನು ಮಾಡಲಿ?’ ಎಂದು ಕೇಳಿದವರಿಗೆ ಅರ್ಧ ಅಂಕ ಅಲ್ಲೇ ಬಿದ್ದಂತೆ.

ಇನ್ನೊಂದು ಮುಳ್ಳು ಲೆಫ್ಟ್ ಜಾಯಿನ್, ಅಂದರೆ ಎಡಗಡೆ ಟೇಬಲ್‌ನ ಎಲ್ಲ ಸಾಲುಗಳನ್ನೂ ಉಳಿಸಿಕೊಂಡು ಬಲಗಡೆಯದನ್ನು ಜೋಡಿಸುವುದು. ಎಡಕ್ಕೆ ಗ್ರಾಹಕರು, ಬಲಕ್ಕೆ ಆರ್ಡರ್‌ಗಳು ಎಂದಿಟ್ಟುಕೊಳ್ಳಿ. ಬಲಗಡೆ ಟೇಬಲ್‌ನ ಷರತ್ತನ್ನು ಆನ್‌ನಲ್ಲಿ (ಜೋಡಿಸುವ ಷರತ್ತು) ಹಾಕುವ ಬದಲು ವೇರ್‌ನಲ್ಲಿ (ಜೋಡಿಸಿದ ಮೇಲೆ ಸೋಸುವ ಷರತ್ತು) ಹಾಕಿದರೆ, ಆರ್ಡರ್ ಮಾಡದ ಗ್ರಾಹಕರೆಲ್ಲ ಸದ್ದಿಲ್ಲದೆ ಉದುರಿಹೋಗುತ್ತಾರೆ; ಅದು ಎರಡೂ ಕಡೆ ಇರುವವರನ್ನು ಮಾತ್ರ ಕೊಡುವ ಇನ್ನರ್ ಜಾಯಿನ್ ಆಯಿತು. ಒಂದು ಪಟ್ಟಿಯಲ್ಲಿ ಇಲ್ಲದವನ್ನು ಹುಡುಕಲು ನಾಟ್ ಇನ್ ಬಳಸಿದಾಗ ಒಳಗಿನ ಪಟ್ಟಿಯಲ್ಲಿ ಒಂದೇ ಒಂದು ನಲ್ (ಮೌಲ್ಯವಿಲ್ಲದ ಜಾಗ) ಇದ್ದರೂ ಉತ್ತರ ಪೂರ್ತಿ ಖಾಲಿ. ಒಂದು ಆರ್ಡರ್‌ಗೆ ಎರಡು ಪೇಮೆಂಟ್ ಸಾಲುಗಳಿದ್ದರೆ ಜಾಯಿನ್ ಮಾಡಿ ಸಮ್ ಹಾಕಿದಾಗ ಆ ಆರ್ಡರ್‌ನ ಮೊತ್ತ ದುಪ್ಪಟ್ಟಾಗುತ್ತದೆ. ಈ ಯಾವುದರಲ್ಲೂ ಎರರ್ ಬರುವುದಿಲ್ಲ, ಅಪಾಯ ಇರುವುದೇ ಅಲ್ಲಿ. ಒಂದಂಕ ಕಡಿಮೆ ಮಾಡಿದ್ದು ಬೇರೆ ಕಾರಣಕ್ಕೆ: ಕೆಲವೆಡೆ ಕ್ವೆರಿ ಓಡಿಸಿ ನೋಡಲು ಬಿಡದೆ ಬರೀ ನೋಟ್‌ಪ್ಯಾಡ್‌ನಲ್ಲಿ ಬರೆಸುತ್ತಾರೆ. ಕೆಲಸದಲ್ಲಿ ಯಾರೂ ಹಾಗೆ ಬರೆಯುವುದಿಲ್ಲ.

ಕೇಸ್ ಸುತ್ತಿಗೆ ಮೂರೂವರೆ. ‘ಕಳೆದ ವಾರ ಆರ್ಡರ್‌ಗಳು 10% ಇಳಿದಿವೆ, ಯಾಕೆ?’ ಎಂದ ಕೂಡಲೇ ಪ್ರತಿಸ್ಪರ್ಧಿ, ಮಳೆ, ಬೆಲೆ ಎಂದು ಕಾರಣ ಪಟ್ಟಿ ಮಾಡುವವರೇ ಹೆಚ್ಚು. ಮೊದಲು ಡೇಟಾ ಸರಿಯಾಗಿ ಬಂದಿದೆಯೇ, ಹಿಂದಿನ ವಾರ ಹಬ್ಬವಿತ್ತೇ, ಲೆಕ್ಕದ ವ್ಯಾಖ್ಯೆ ಬದಲಾಯಿತೇ ಎಂದು ಕೇಳಬೇಕು. ಆಮೇಲೆ ನಗರ, ಆ್ಯಂಡ್ರಾಯ್ಡ್–ಐಫೋನ್, ಹೊಸ–ಹಳೆ ಗ್ರಾಹಕ ಎಂದು ಒಡೆದು ನೋಡಬೇಕು. ಇಳಿಕೆ ಆ್ಯಂಡ್ರಾಯ್ಡ್‌ನಲ್ಲಿ ಮಾತ್ರ ಇದ್ದರೆ ಮಳೆಯನ್ನು ಬೈದು ಪ್ರಯೋಜನವಿಲ್ಲ, ಆ್ಯಪ್‌ನ ಹೊಸ ಆವೃತ್ತಿ ನೋಡಿ. ‘ಬೆಂಗಳೂರಿನಲ್ಲಿ ದಿನಕ್ಕೆ ಎಷ್ಟು ಕಪ್ ಕಾಫಿ ಮಾರಾಟ?’ ಎಂಬಂಥ ಅಂದಾಜಿನ ಪ್ರಶ್ನೆಗಳು ಮಾತ್ರ ಬರೀ ಶೋಕಿ.

ಅಸೈನ್‌ಮೆಂಟ್‌ಗೆ ಒಂದೂವರೆ, ಅದೂ ಧಾರಾಳವಾಗಿ. ‘ನಾಲ್ಕು ಗಂಟೆ ಸಾಕು’ ಎನ್ನುತ್ತಾರೆ, ಶನಿವಾರ ಭಾನುವಾರ ಎರಡೂ ಹೋಗುತ್ತವೆ. ಹೆಚ್ಚು ಹೊತ್ತು ತಿನ್ನುವುದು ಫೈಲಿನ ಕೊಳೆ: ಎರಡೆರಡು ಸಲ ಬಂದ ಸಾಲುಗಳು, 03/04 ಅಂದರೆ ಮಾರ್ಚ್ 4 ಅಥವಾ ಏಪ್ರಿಲ್ 3 ಎಂಬುದು ಗೊತ್ತಾಗದ ದಿನಾಂಕಗಳು. ಯಾವುದನ್ನು ಹೇಗೆ ಊಹಿಸಿಕೊಂಡಿರಿ ಎಂಬುದನ್ನು ಮೊದಲ ಪುಟದಲ್ಲೇ ಬರೆಯಿರಿ. ಹದಿನೈದು ಚಾರ್ಟ್‌ಗಿಂತ ಮೂರು ಸಾಕು.

ಸಂಬಳದ ಸುತ್ತಿನಲ್ಲಿ ಸಿಟಿಸಿ (ನಿಮಗಾಗಿ ಕಂಪನಿ ಮಾಡುವ ವರ್ಷದ ಒಟ್ಟು ಖರ್ಚು) ಒಡೆದು ತೋರಿಸಲು ಕೇಳಿ. 8 ಲಕ್ಷದಲ್ಲಿ ಮೂಲ ವೇತನ 4 ಲಕ್ಷ, ವೇರಿಯಬಲ್ (ಕೆಲಸದ ಸಾಧನೆ ನೋಡಿ ಕೊಡುವ ಪಾಲು) 80,000 ಎಂದಿಟ್ಟುಕೊಳ್ಳಿ. ಕಂಪನಿಯ ಪಿಎಫ್ ಪಾಲು ಮೂಲ ವೇತನದ 12% ಅಂದರೆ 48,000, ಗ್ರಾಚ್ಯುಟಿ 4.81% ಅಂದರೆ 19,240, ನಿಮ್ಮ ಪಿಎಫ್ ಇನ್ನೊಂದು 48,000. ಇವೆಲ್ಲ ಕಳೆದರೆ ತೆರಿಗೆಗೆ ಮುಂಚೆ ತಿಂಗಳಿಗೆ ಸಿಗುವುದು ಸುಮಾರು 50,400. ಈಗಿರುವ ಕೆಲಸದಲ್ಲಿ 90 ದಿನಗಳ ನೋಟಿಸ್ ಇದ್ದರೆ ಅದನ್ನು ಮೊದಲ ಫೋನಿನಲ್ಲೇ ಹೇಳಿಬಿಡಿ. ಐದು ಸುತ್ತು ಮುಗಿಸಿದ ಮೇಲೆ ‘30 ದಿನದಲ್ಲಿ ಸೇರಬೇಕಿತ್ತಲ್ಲಾ’ ಎಂದು ಕೈಬಿಡುವುದುಂಟು.