ಹಳೆಯ ಮೌಂಟನ್ ಬೈಕ್ ಹಗುರ ಮಾಡಿದ ಮೇಲೆ ಒಂದೂವರೆ ವರ್ಷ: ತೆಗೆದದ್ದರಲ್ಲಿ ಕೆಲವನ್ನು ಮರಳಿ ಹಾಕಿದೆ

ನನ್ನ 26 ಇಂಚಿನ ಸೈಕಲ್ಲನ್ನು ಮೊದಲ ಸಲ ತೂಗುಕೊಕ್ಕೆಗೆ ಹಾಕಿದಾಗ 14.9 ಕಿಲೋ ತೋರಿಸಿತು. ಚೌಕಟ್ಟು ಗಟ್ಟಿಯಾಗಿತ್ತು, ಕೂರುವ ಅಳತೆ ಮೈಗೆ ಒಗ್ಗಿತ್ತು, ಹೊಸದನ್ನು ಕೊಳ್ಳುವಷ್ಟು ಹಣ ಕೈಯಲ್ಲಿರಲಿಲ್ಲ. ಹಾಗಾಗಿ ಇದರ ತೂಕವನ್ನೇ ಇಳಿಸೋಣ ಎಂದು ತೀರ್ಮಾನಿಸಿದೆ.

ಮೊದಲು ಕೈಹಾಕಿದ್ದು ಟೈರುಗಳಿಗೆ. ಅಂಚಿನಲ್ಲಿ ಉಕ್ಕಿನ ತಂತಿಯಿದ್ದ ಹಳೆಯ ಟೈರು ಒಂದೊಂದೂ 750 ಗ್ರಾಂ ಇತ್ತು. ಮಡಚಿ ಜೇಬಿಗೆ ತುರುಕಬಹುದಾದ ಹೊಸದು 580 ಗ್ರಾಂ. ಟ್ಯೂಬಿನಲ್ಲಿ ಇನ್ನೂ ದೊಡ್ಡ ವ್ಯತ್ಯಾಸ: ರಬ್ಬರಿನದು 190 ಗ್ರಾಂ, ಟಿಪಿಯು ಎಂಬ ತೆಳು ಪ್ಲಾಸ್ಟಿಕ್ಕಿನದು 50. ನನ್ನದು ರಿಮ್ ಬ್ರೇಕಿನ ಸೈಕಲ್ಲು, ಅಂದರೆ ಬ್ರೇಕು ಚಕ್ರದ ಹೊರಬಳೆಯನ್ನೇ (ರಿಮ್) ಒತ್ತಿ ಹಿಡಿಯುತ್ತದೆ. ಹಾಗೆ ರಿಮ್ ಬಿಸಿಯಾದರೆ ಕೆಲವು ಟಿಪಿಯು ಟ್ಯೂಬುಗಳು ತಾಳುವುದಿಲ್ಲ. ರಿಮ್ ಬ್ರೇಕಿಗೆ ಆಗುತ್ತದೆ ಎಂದು ಪೊಟ್ಟಣದ ಮೇಲೆ ಸ್ಪಷ್ಟವಾಗಿ ಬರೆದಿದ್ದನ್ನೇ ನೋಡಿ ತಂದೆ. ನಿಂತಲ್ಲಿಂದ ಮೊದಲ ಪೆಡಲ್ ತುಳಿದಾಗಲೇ ವ್ಯತ್ಯಾಸ ಗೊತ್ತಾಯಿತು. ಚಕ್ರದ ಅಂಚಿನ ಭಾರ ವೇಗ ಏರಿಸುವಾಗ ಹೆಚ್ಚುಕಡಿಮೆ ಎರಡರಷ್ಟು ಕಾಡುತ್ತದೆ. ಸಮವೇಗದಲ್ಲಿ ಏರು ಹತ್ತುವಾಗ ಮಾತ್ರ ಅದೂ ಉಳಿದ ಭಾರದಂತೆಯೇ.

ಆಮೇಲೆ ಮುಂದಿನ ಚಕ್ರವನ್ನು ಹಿಡಿಯುವ ಷಾಕ್ ಫೋರ್ಕ್. ಒಳಗಿನ ಸ್ಪ್ರಿಂಗ್ ತುಕ್ಕು ಹಿಡಿದು, ಗುಂಡಿಗೆ ಬಿದ್ದರೂ ಅಲುಗುತ್ತಿರಲಿಲ್ಲ. ಆದರೂ ಅದರ ತೂಕ 2.4 ಕಿಲೋ. ಷಾಕ್ ಇಲ್ಲದ ಉಕ್ಕಿನ ಫೋರ್ಕ್ ಹಾಕಿದ್ದರಿಂದ ಒಂದೇ ಏಟಿಗೆ 1,350 ಗ್ರಾಂ ಇಳಿಯಿತು. ಇಲ್ಲಿ ಅಳತೆ ತಪ್ಪಬಾರದು. ಹಳೆಯದು ಚಕ್ರದ ಅಚ್ಚಿನಿಂದ ಫೋರ್ಕಿನ ನೆತ್ತಿಯವರೆಗೆ 470 ಮಿ.ಮೀ. ಇತ್ತು, ಷಾಕ್ ಸರಿಯಿದ್ದ ಕಾಲದಲ್ಲಿ ಕೂತಾಗ ಒಂದಿಷ್ಟು ಕುಸಿಯುತ್ತಿತ್ತು. ಹಾಗಾಗಿ 450ರದ್ದನ್ನು ಆರಿಸಿದೆ. ಇನ್ನೂ ಗಿಡ್ಡದ್ದಾಗಿದ್ದರೆ ಹ್ಯಾಂಡಲ್ ಕೆಳಗಿಳಿದು ತಿರುವಿನಲ್ಲಿ ಚಡಪಡಿಸುತ್ತಿತ್ತು. ಮೊದಲ ತಿಂಗಳು ಮಣಿಕಟ್ಟು ನೋಯಿತು. ಈಗ ಪ್ರತಿದಿನ ಹೊರಡುವ ಮುನ್ನ ಮುಂದಿನ ಟೈರನ್ನು ಹೆಬ್ಬೆರಳಿನಿಂದ ಒತ್ತಿ ನೋಡುತ್ತೇನೆ. ಕಲ್ಲಿನಂತಿದ್ದರೆ ಕವಾಟ ಒತ್ತಿ ಉಸ್ಸೆಂದು ಸ್ವಲ್ಪ ಗಾಳಿ ಬಿಡುತ್ತೇನೆ. ಹೆಬ್ಬೆರಳು ಒಂದಿಷ್ಟು ಒಳಹೋಗಬೇಕು, ಒತ್ತಿದರೆ ರಿಮ್ ಸಿಗಬಾರದು. ಅಷ್ಟಾದರೆ ಆ ದಿನ ಕೈ ನೋಯುವುದಿಲ್ಲ.

ಸ್ಟ್ಯಾಂಡು ಮತ್ತಿತರ ಚಿಲ್ಲರೆ ಸಾಮಾನು ತೆಗೆದದ್ದರಿಂದ ಇನ್ನೂ 400 ಗ್ರಾಂ ಇಳಿಯಿತು. ಅಲ್ಲಿಯವರೆಗೆ ಎಲ್ಲವೂ ಸರಿಯಿತ್ತು.

ಕೆಟ್ಟದ್ದು ಗಿಯರಿನ ವಿಷಯದಲ್ಲಿ. ಮುಂದೆ, ಪೆಡಲಿನ ಬಳಿ, 42, 32, 22 ಹಲ್ಲುಗಳ ಮೂರು ಹಲ್ಲುಚಕ್ರಗಳಿದ್ದವು. ಎಲ್ಲರೂ ಒಂದೇ ಹಲ್ಲುಚಕ್ರಕ್ಕೆ ಹೋಗುತ್ತಿದ್ದಾರೆ, ನಾನೂ ಹೋಗುತ್ತೇನೆ ಎಂದುಕೊಂಡೆ. 32 ಹಲ್ಲಿನ ಒಂದನ್ನೇ ಇಟ್ಟು, ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಮುಂದಿನ ಡಿರೇಲರ್, ಅದರ ಗಿಯರ್ ಲಿವರ್, ಕೇಬಲ್ ಎಲ್ಲವನ್ನೂ ಬಿಚ್ಚಿದೆ. 450 ಗ್ರಾಂ ಉಳಿಯಿತು, ಕೊಕ್ಕೆ 12.1 ತೋರಿಸಿತು. ಹ್ಯಾಂಡಲ್‌ನ ಎಡಬದಿ ಬೋಳಾಗಿ ಚೆಂದ ಕಾಣುತ್ತಿತ್ತು, ಆ ಸಂಜೆ ಬಹಳ ಖುಷಿಪಟ್ಟೆ.

ಮಾರನೆಯ ವಾರ ನಾನು ಸದಾ ಹತ್ತುವ ದಿಬ್ಬದಲ್ಲಿ ಅರ್ಧಕ್ಕೇ ಕಾಲು ಊರಿದೆ. ಹಿಂದಿನ ಚಕ್ರದ ಕ್ಯಾಸೆಟ್ಟಿನಲ್ಲಿ, ಅಂದರೆ ಅಲ್ಲಿನ ಹಲ್ಲುಚಕ್ರಗಳ ಗುಂಪಿನಲ್ಲಿ, ದೊಡ್ಡದು 34 ಹಲ್ಲಿನದು. ಮುಂದೆ 22 ಇದ್ದಾಗ ಒಂದು ಸುತ್ತು ತುಳಿದರೆ ಹಿಂದಿನ ಚಕ್ರ ಮುಕ್ಕಾಲು ಸುತ್ತೂ ತಿರುಗುತ್ತಿರಲಿಲ್ಲ; 32ರಲ್ಲಿ ಹೆಚ್ಚುಕಡಿಮೆ ಪೂರ್ತಿ ಸುತ್ತು. ಅಂದರೆ ಅದೇ ಏರಿಗೆ ಪೆಡಲಿನ ಮೇಲೆ ಸುಮಾರು 45 ಶೇಕಡಾ ಹೆಚ್ಚು ಬಲ ಬೇಕು. ನಾನೂ ಸೈಕಲ್ಲೂ ಸೇರಿ 80 ಕಿಲೋ ದಾಟುತ್ತೇವೆ. ಅದರಲ್ಲಿ 450 ಗ್ರಾಂ ಎಂದರೆ ಶೇಕಡಾ ಅರ್ಧಕ್ಕೆ ತುಸು ಹೆಚ್ಚು, ಅಷ್ಟೇ. ಇಷ್ಟು ಸರಳ ಲೆಕ್ಕವನ್ನು ಬಿಚ್ಚುವ ಮೊದಲೇ ಮಾಡಬೇಕಿತ್ತು. ನಾಲ್ಕು ತಿಂಗಳು ಹಠ ಹಿಡಿದು ತುಳಿದೆ. ಎಡ ಮೊಣಕಾಲಿನ ಚಿಪ್ಪಿನ ಕೆಳಗೆ ನೋವು ಕೂತಿತು. ಹಿಂದೆ 50 ಹಲ್ಲಿನ ಕ್ಯಾಸೆಟ್ ಹಾಕಿದರೆ ಸರಿಹೋಗುತ್ತದೆ ಎಂದರು. ಆದರೆ ಅದಕ್ಕೆ ಹೊಸ ಡಿರೇಲರ್, ಹೊಸ ಲಿವರ್, ಹೊಸ ಚೈನ್ ಎಲ್ಲವೂ ಬೇಕು. ಕ್ಯಾಸೆಟ್ ಕೂಡ ಭಾರವೇ.

ಕೊನೆಗೆ ಡಬ್ಬಿಯಲ್ಲಿ ಎತ್ತಿಟ್ಟಿದ್ದ ಹಳೆಯ ಭಾಗಗಳನ್ನು ಹೊರತೆಗೆದೆ. 22 ಮತ್ತು 32 ಎರಡನ್ನೂ ಮರಳಿ ಕೂರಿಸಿದೆ. ನಾನು ವರ್ಷಕ್ಕೆ ನಾಲ್ಕು ಸಲವೂ ಮುಟ್ಟದಿದ್ದ 42ನ್ನು ಮಾತ್ರ ಬಿಟ್ಟೆ. ದೊಡ್ಡದನ್ನು ಬಿಟ್ಟರೆ ಹಳೆಯ ಬೋಲ್ಟ್ ಉದ್ದವಾಗಿ ಬಿಗಿಯುವುದಿಲ್ಲ, ಗಿಡ್ಡ ಬೋಲ್ಟುಗಳನ್ನು ತರಬೇಕು. ಮೊದಲ ಸಲ 42 ಬಿಚ್ಚಿದಾಗ ಇದು ಗೊತ್ತಿಲ್ಲದೆ ಒಂದು ದಿನ ವ್ಯರ್ಥವಾಗಿತ್ತು. ಹಿಂದಿನ ಚಕ್ರದ ಟಿಪಿಯು ಟ್ಯೂಬನ್ನೂ ತೆಗೆದು ರಬ್ಬರಿನದು ಹಾಕಿದೆ. ಮುಳ್ಳು ಚುಚ್ಚಿದಾಗ ಮಾಮೂಲಿ ಪಂಕ್ಚರ್ ತೇಪೆ ಅದಕ್ಕೆ ಅಂಟಲೇ ಇಲ್ಲ, ಅದರದೇ ತೇಪೆ ಬೇಕು. ಮುಂದಿನದು ಇವತ್ತಿಗೂ ಒಮ್ಮೆಯೂ ತೂತಾಗಿಲ್ಲ.

ಈಗ 12.6 ಕಿಲೋ. ಮೆಟ್ಟಿಲು ಹತ್ತುವಾಗ ಚೌಕಟ್ಟಿನ ಮೇಲಿನ ಕೊಳವೆಯನ್ನು ಹೆಗಲಿಗೇರಿಸಿಕೊಂಡು ಒಂದೇ ಉಸಿರಿಗೆ ಹೋಗುತ್ತೇನೆ. ಮೊದಲು ನಡುವೆ ಇಳಿಸಬೇಕಾಗುತ್ತಿತ್ತು. ಹಣ ಕಡಿಮೆಯಿದ್ದವರು ಟೈರು, ಟ್ಯೂಬು ಇಷ್ಟನ್ನೇ ಮಾಡಿಸಿ. ಷಾಕ್ ಸತ್ತಿದ್ದರೆ ಫೋರ್ಕ್ ಕೂಡ. ಚಿಕ್ಕ ಹಲ್ಲುಚಕ್ರಕ್ಕೆ ಮಾತ್ರ ಕೈಹಚ್ಚಬೇಡಿ. ಈಗ ಆ ದಿಬ್ಬದ ತಿರುವು ಬಂದಾಗ ಎಡ ಹೆಬ್ಬೆರಳಿನಿಂದ ಲಿವರ್ ಒತ್ತುತ್ತೇನೆ, ಚೈನು ಕಟಕ್ ಎಂದು 22ಕ್ಕೆ ಇಳಿಯುತ್ತದೆ, ಕಾಲು ಸರಾಗವಾಗಿ ತಿರುಗತೊಡಗುತ್ತದೆ.