ಬ್ಯಾಡಗಿಯ ಲಾಟ್ ಲೆಕ್ಕಕ್ಕೆ ಮಾಂಗೋಡಿಬಿನಾ, ಕೌಚ್‌ಡಿಬಿನಾ?

ಮೆಣಸಿನಕಾಯಿ ಲಾಟ್‌ಗಳ ಲೆಕ್ಕವನ್ನು ಟೇಬಲ್‌ಗೆ ಹಾಕಿದರೆ ಅರ್ಧ ಕಾಲಂ ಖಾಲಿ ಉಳಿಯುತ್ತದೆ. ಒಂದು ಲಾಟ್ ಕಡ್ಡಿ ತಳಿ, ಇನ್ನೊಂದು ಡಬ್ಬಿ ತಳಿ. ಒಬ್ಬ ರೈತರು ಬಣ್ಣ ನೋಡಿ ಚೀಲ ಬೇರೆ ಮಾಡಿ ತರುತ್ತಾರೆ, ಇನ್ನೊಬ್ಬರು ಎಲ್ಲ ಕೂಡಿಸಿ ತರುತ್ತಾರೆ, ಕೆಲವರ ಪಟ್ಟಿಯಲ್ಲಿ (ಮಾರಾಟದ ಬಿಲ್ಲಿನಲ್ಲಿ) ಮುಂಗಡ ಕಡಿತ ಇರುತ್ತದೆ, ಕೆಲವರದರಲ್ಲಿ ಇರುವುದಿಲ್ಲ. ಅದಕ್ಕೇ ಬ್ಯಾಡಗಿಯ ದಲಾಲಿ ಅಂಗಡಿಯೊಂದಕ್ಕೆ ಸಾಫ್ಟ್‌ವೇರ್ ಬರೆಯುವಾಗ ಡಾಕ್ಯುಮೆಂಟ್ ಡೇಟಾಬೇಸ್ ಹಿಡಿದೆ, ಅಂದರೆ ಪ್ರತಿ ದಾಖಲೆಯಲ್ಲೂ ಬೇಕಾದ ಫೀಲ್ಡ್ ಅಷ್ಟೇ ಇಡಬಹುದಾದದ್ದು. ಇಂಥವೇ ಆದ ಮಾಂಗೋಡಿಬಿ, ಕೌಚ್‌ಡಿಬಿ ಎರಡನ್ನೂ ಇದೇ ಕೆಲಸಕ್ಕೆ ಹಚ್ಚಿ ನೋಡಿದೆ.

ಪ್ರಶ್ನೆ ಕೇಳುವುದರಲ್ಲಿ ಮಾಂಗೋಡಿಬಿಯೇ ಮುಂದು. 'ಈ ವಾರ ಡಬ್ಬಿ ಜಾಸ್ತಿ ತಗೊಂಡವರು ಯಾರು' ಅಂತ ಅಂಗಡಿಯವರು ಕೇಳಿದರೆ ಮ್ಯಾಚ್ (ಬೇಕಾದ್ದನ್ನು ಆರಿಸು), ಗ್ರೂಪ್ (ಗುಂಪು ಮಾಡಿ ಕೂಡಿಸು), ಸಾರ್ಟ್ (ಕ್ರಮಕ್ಕೆ ಹಾಕು) ಅಂತ ಮೂರು ಹಂತ ಜೋಡಿಸಿದರೆ ಸಾಕು. ಒಂದು ಹಂತದಿಂದ ಬಂದದ್ದು ಮುಂದಿನ ಹಂತಕ್ಕೆ ಹೋಗುತ್ತದೆ, ಫಂಕ್ಷನಲ್ ಕೋಡ್ (ಫಂಕ್ಷನ್‌ಗಳನ್ನು ಒಂದಕ್ಕೊಂದು ಜೋಡಿಸುವ ಶೈಲಿ) ಬರೆಯುವವರಿಗೆ ಇದು ಹೊಸದೇನಲ್ಲ.

ಕೌಚ್‌ಡಿಬಿಯಲ್ಲಿ ಇಂಥ ಮೊತ್ತ ಬೇಕಾದರೆ ಮೊದಲೇ ವ್ಯೂ ಬರೆದಿಡಬೇಕು. ವ್ಯೂ ಅಂದರೆ ಪ್ರತಿ ಡಾಕ್ಯುಮೆಂಟ್‌ನಿಂದ ಬೇಕಾದ್ದನ್ನು ತೆಗೆಯುವ ಒಂದು ಮ್ಯಾಪ್ ಫಂಕ್ಷನ್, ಬೇಕಿದ್ದರೆ ಜೊತೆಗೆ ಅವನ್ನೆಲ್ಲ ಸೇರಿಸಿ ಒಂದು ಉತ್ತರ ಮಾಡುವ ರೆಡ್ಯೂಸ್. ಈ ಮ್ಯಾಪ್ ಪೂರ್ತಿ ಶುದ್ಧವಾಗಿರಬೇಕು, ಅಂದರೆ ಅದೇ ಡಾಕ್ಯುಮೆಂಟ್‌ಗೆ ಯಾವಾಗಲೂ ಅದೇ ಉತ್ತರ ಕೊಡಬೇಕು, ಒಳಗೆ ಇವತ್ತಿನ ತಾರೀಕು ಕೂಡ ನೋಡುವಂತಿಲ್ಲ, ಯಾಕೆಂದರೆ ಬಂದ ಉತ್ತರವನ್ನು ಅದು ಇಂಡೆಕ್ಸ್‌ನಲ್ಲಿ ಇಟ್ಟುಕೊಂಡುಬಿಡುತ್ತದೆ, ಆ ಡಾಕ್ಯುಮೆಂಟ್ ಬದಲಾಗುವ ತನಕ ಮತ್ತೆ ಲೆಕ್ಕ ಹಾಕುವುದಿಲ್ಲ. ಹಾಗಾಗಿ 'ಬಾಕಿ ಎಷ್ಟು ದಿನದ್ದು' ಅಂತ ಮ್ಯಾಪ್ ಒಳಗೆ ಲೆಕ್ಕ ಹಾಕಲು ಆಗುವುದಿಲ್ಲ. ಮಾರಾಟದ ತಾರೀಕನ್ನು ಕೀ (ಹುಡುಕುವ ಗುರುತು) ಮಾಡಿ, ಇಂಥ ದಿನದಿಂದ ಇಂಥ ದಿನದವರೆಗಿನದು ಕೊಡು ಅಂತ ಕೇಳಬೇಕು. ಶಿಸ್ತು ಕಠಿಣ ಅನ್ನಿಸುತ್ತದೆ, ಆದರೆ ನನಗೆ ಬಹಳ ಹಿಡಿಸಿತು.

ನಿಜವಾದ ವ್ಯತ್ಯಾಸ ಕಂಡದ್ದು ನೆಟ್‌ವರ್ಕ್ ಹೋದಾಗ. ಒಂದು ಫೋನ್‌ನಲ್ಲಿ ಟೆಂಡರ್ ದರ ಬರೆಯುತ್ತಾರೆ, ತೂಕದ ಕಾಟಾ ಹತ್ತಿರ ಇನ್ನೊಂದು ಫೋನ್‌ನಲ್ಲಿ ಕಿಲೋ ಬರೆಯುತ್ತಾರೆ, ಲಾಟ್ ಒಂದೇ. ಆನ್‌ಲೈನ್ ಇದ್ದರೆ ಮಾಂಗೋಡಿಬಿ ಎರಡೂ ಫೀಲ್ಡ್ ಸರಿಯಾಗಿ ಸೇರಿಸುತ್ತದೆ, ತಕರಾರಿಲ್ಲ. ಆಫ್‌ಲೈನ್ ಆದರೆ ಕ್ಯೂ ಕಟ್ಟುವುದು, ಆಮೇಲೆ ಹೊಂದಿಸುವುದು ಎಲ್ಲಾ ನನ್ನ ಕೋಡ್‌ನ ತಲೆಗೆ. ಫೋನ್‌ನ ಬ್ರೌಸರ್‌ನಲ್ಲಿ ಪೌಚ್‌ಡಿಬಿ (ಬ್ರೌಸರ್ ಒಳಗೇ ಓಡುವ ಪುಟ್ಟ ಡೇಟಾಬೇಸ್) ಇಟ್ಟರೆ ಅದು ಕೌಚ್‌ಡಿಬಿ ಜೊತೆ ತಾನೇ ಸಿಂಕ್ ಆಗುತ್ತದೆ. ಎರಡು ಬದಲಾವಣೆ ಡಿಕ್ಕಿ ಹೊಡೆದರೆ ಎರಡನ್ನೂ ಉಳಿಸಿಕೊಳ್ಳುತ್ತದೆ. ಎಲ್ಲ ಕಡೆಯೂ ಒಂದನ್ನೇ ಗೆದ್ದದ್ದು ಅಂತ ತೋರಿಸುತ್ತದೆ, ಸೋತದ್ದನ್ನು ಕೇಳಿದರೆ ಕೊಡುತ್ತದೆ.

ಆದರೂ ಡಿಕ್ಕಿಯೇ ಬೇಡ ಅಂತ ವಿನ್ಯಾಸ ಬದಲಿಸಿದೆ. ಲಾಟ್ ಬಂತು, ದರ ಬಿತ್ತು, ತೂಕ ಆಯಿತು: ಪ್ರತಿಯೊಂದೂ ಬೇರೆ ಡಾಕ್ಯುಮೆಂಟ್. ಯಾವುದನ್ನೂ ತಿದ್ದುವುದಿಲ್ಲ, ತೂಕ ತಪ್ಪಿದ್ದರೆ 'ತೂಕ ತಿದ್ದುಪಡಿ' ಅಂತ ಹೊಸದೊಂದು ಸೇರುತ್ತದೆ. ರೈತರ ಪಟ್ಟಿ ಬೇಕಾದಾಗ ಇವನ್ನೆಲ್ಲ ರೆಡ್ಯೂಸ್ ಮಾಡಿದರೆ ಆಯಿತು. ಕೌಚ್‌ಡಿಬಿಯ ರಿವಿಷನ್‌ಗಳನ್ನೇ (ಡಾಕ್ಯುಮೆಂಟ್‌ನ ಆವೃತ್ತಿಗಳನ್ನೇ) ಇತಿಹಾಸ ಅಂತ ನಂಬಿಕೊಳ್ಳಬೇಡಿ, ಜಾಗ ಉಳಿಸುವ ಕಂಪ್ಯಾಕ್ಷನ್ ಆದಾಗ ಹಳೆಯವುಗಳ ಒಳಗಿನ ಮಾಹಿತಿ ಹೋಗಿಬಿಡುತ್ತದೆ.

ಭಾಷೆಯ ವಿಷಯಕ್ಕೆ ಬಂದರೆ, 2007ರಲ್ಲಿ ರಿಚ್ ಹಿಕ್ಕಿ ಹೊರತಂದ ಕ್ಲೋಜರ್‌ನಲ್ಲಿ ಜೇಸನ್ (ಡಾಕ್ಯುಮೆಂಟ್‌ಗಳನ್ನು ಬರೆಯುವ ಪಠ್ಯ ರೂಪ) ಆಡಿಸುವುದು ಬಲು ಸುಖ. ರೆಪ್ಲ್ (ಬರೆದ ಸಾಲನ್ನು ಕೂಡಲೇ ಓಡಿಸಿ ತೋರಿಸುವ ಕಿಟಕಿ) ತೆರೆದು ಒಂದೊಂದೇ ಲಾಟ್ ಹಾಕಿ ನೋಡುತ್ತಾ ಹೋಗಬಹುದು. ಅಂಗಡಿಯ ಹಳೇ ಕಂಪ್ಯೂಟರ್‌ಗೆ ಮಾತ್ರ ಕ್ಲೋಜರ್ ಓಡಲು ಬೇಕಾದ ಜೆವಿಎಂ (ಜಾವಾದ ಯಂತ್ರ) ಭಾರವಾಯಿತು. ಎಲಿಕ್ಸಿರ್ ಅನ್ನುವ ಇನ್ನೊಂದು ಭಾಷೆ ಹಗುರ. ಪ್ಯಾಟರ್ನ್ ಮ್ಯಾಚಿಂಗ್ (ಮಾಹಿತಿಯ ಆಕಾರ ನೋಡಿ ಸಾಲು ಆರಿಸುವುದು) ಇರುವುದರಿಂದ ದರಕ್ಕೊಂದು, ತೂಕಕ್ಕೊಂದು, ತಿದ್ದುಪಡಿಗೊಂದು ಸಾಲು ಬರೆದರೆ ಓದಿದವರಿಗೆ ಅಂಗಡಿಯ ವ್ಯವಹಾರವೇ ಕಾಣುತ್ತದೆ. ಅದು ಓಡುವುದು ಎರ್ಲ್ಯಾಂಗ್ ಭಾಷೆಯ ಯಂತ್ರದ ಮೇಲೆ, ಕೌಚ್‌ಡಿಬಿಯನ್ನು ಬರೆದಿರುವುದೂ ಎರ್ಲ್ಯಾಂಗ್‌ನಲ್ಲೇ.

ಈಗ ಅಂಗಡಿಯಲ್ಲಿ ಓಡುತ್ತಿರುವುದು ಎಲಿಕ್ಸಿರ್ ಮತ್ತು ಕೌಚ್‌ಡಿಬಿ. ನಿಮ್ಮದು ಒಂದೇ ಕೌಂಟರ್, ನೆಟ್ ಗಟ್ಟಿ, ದಿನಕ್ಕೊಂದು ಹೊಸ ರಿಪೋರ್ಟ್ ಕೇಳುತ್ತಾರೆ ಅಂತಾದರೆ ಸುಮ್ನೆ ಮಾಂಗೋಡಿಬಿ ಹಾಕಿಕೊಳ್ಳಿ.